ಬೂಟ್ ಆಗದ ಸಿಂಗಲ್ ಬೋರ್ಡ್ ಕಂಪ್ಯೂಟರ್: ಎಲ್ಲಿ ನಿಂತಿದೆ ಎಂದು ಹುಡುಕುವುದು ಹೇಗೆ

ಇಡೀ ಕಂಪ್ಯೂಟರನ್ನೇ ಹೊತ್ತ ಅಂಗೈಯಗಲದ ಬೋರ್ಡ್. ನಿನ್ನೆವರೆಗೆ ಚೆನ್ನಾಗಿ ಓಡುತ್ತಿತ್ತು. ಇವತ್ತು ಕರೆಂಟ್ ಕೊಟ್ಟರೆ ಪರದೆ ಕಪ್ಪು. ‘ಬೋರ್ಡ್ ಹೋಯ್ತು’ ಎಂದು ಹೊಸದು ತರಿಸಲು ಹೊರಡುವವರೇ ಜಾಸ್ತಿ. ಸ್ವಲ್ಪ ತಡೀರಿ. ನನ್ನ ಮೇಜಿಗೆ ‘ಸತ್ತುಹೋಗಿದೆ’ ಎಂದು ಬಂದ ಬೋರ್ಡ್‌ಗಳಲ್ಲಿ ನಿಜವಾಗಿ ಸತ್ತಿದ್ದವು ಬೆರಳೆಣಿಕೆಯಷ್ಟು. ಮಿಕ್ಕವು ಬೂಟ್ ಆಗುವ ದಾರಿಯಲ್ಲಿ ಎಲ್ಲೋ ನಿಂತಿದ್ದವು, ಅಷ್ಟೆ.

ಆ ದಾರಿ ಹೀಗಿರುತ್ತದೆ. ಕರೆಂಟ್ ಬಂದ ಕೂಡಲೇ ಚಿಪ್‌ನ ಒಳಗೇ ಇರುವ ಒಂದು ಪುಟ್ಟ ಪ್ರೋಗ್ರಾಂ ಓಡುತ್ತದೆ. ಅದೇ ಬೂಟ್ ರೋಮ್. ಚಿಪ್ ತಯಾರಾಗುವಾಗಲೇ ಅದು ಅಚ್ಚಾಗಿರುತ್ತದೆ. ನೀವು ಎಷ್ಟೇ ತಪ್ಪು ಇಮೇಜ್ (ಇಡೀ ಸಿಸ್ಟಂ ಇರುವ ಫೈಲ್) ಬರೆದರೂ ಅಳಿಸಿಹೋಗುವುದಿಲ್ಲ. ಅದು ಎಸ್‌ಡಿ ಕಾರ್ಡ್, ಇಎಂಎಂಸಿ (ಬೋರ್ಡ್ ಮೇಲಿನ ಸ್ಟೋರೇಜ್ ಚಿಪ್) ಅಥವಾ ಎಸ್‌ಪಿಐ ಫ್ಲ್ಯಾಶ್‌ನಿಂದ (ಇನ್ನೂ ಚಿಕ್ಕ ಸ್ಟೋರೇಜ್ ಚಿಪ್) ಬೂಟ್‌ಲೋಡರನ್ನು ಹುಡುಕಿ ತರುತ್ತದೆ. ಬೂಟ್‌ಲೋಡರ್ ಮೆಮೊರಿಯನ್ನು ಎಬ್ಬಿಸಿ, ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ತರುತ್ತದೆ. ಕರ್ನಲ್ ರೂಟ್ ಫೈಲ್‌ಸಿಸ್ಟಂ, ಅಂದರೆ ಸಿಸ್ಟಂನ ಫೈಲ್‌ಗಳೆಲ್ಲ ಇರುವ ಜಾಗ, ಹುಡುಕುತ್ತದೆ. ನಾಲ್ಕು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸಿದ ಹಾಗೆ. ಕೊಡ ಯಾರ ಕೈಯಲ್ಲಿ ನಿಂತಿತು ಎಂದು ಗೊತ್ತಾದರೆ ಮುಂದಿನದು ಸುಲಭ.

ಶುರು ಮಾಡುವ ಮುಂಚೆ ಒಂದೆರಡು ಎಚ್ಚರಿಕೆ. ಬೋರ್ಡ್ ಮೇಲೆ ಏನನ್ನಾದರೂ ಸಿಕ್ಕಿಸುವ, ಬಿಚ್ಚುವ ಮುಂಚೆ ಕರೆಂಟ್ ತೆಗೆಯಿರಿ. ಬೋರ್ಡನ್ನು ಲೋಹದ ಮೇಜಿನ ಮೇಲೆ ಇಡಬೇಡಿ. ಬೋರ್ಡ್ ಜೊತೆ ಬಂದ ಬೆಳ್ಳಿ ಬಣ್ಣದ ಆಂಟಿಸ್ಟ್ಯಾಟಿಕ್ ಚೀಲದ ಮೇಲೂ ಕರೆಂಟ್ ಕೊಡಬೇಡಿ, ಅದರ ಮೇಲ್ಮೈಯಲ್ಲಿ ವಿದ್ಯುತ್ ಹರಿಯಬಹುದು. ಪಿನ್‌ಗಳ ವಿಷಯದಲ್ಲಂತೂ ಇದನ್ನು ನೆನಪಿಡಿ: ಇಂಥ ಬೋರ್ಡ್‌ಗಳ ಸಿಗ್ನಲ್ ಪಿನ್‌ಗಳು ಸಾಮಾನ್ಯವಾಗಿ 3.3 ವೋಲ್ಟ್‌ನವು, ಕೆಲವು 1.8. ಅಲ್ಲಿಗೆ 5 ವೋಲ್ಟ್ ತಾಗಿದರೆ ಚಿಪ್ ಸುಟ್ಟುಹೋಗಬಹುದು. ಅದಕ್ಕೆ ಯಾವ ರಿಕವರಿಯೂ ಇಲ್ಲ.

ಒಂದು ಲೈಟೂ ಹತ್ತುತ್ತಿಲ್ಲ

ಮೊದಲು ಬೋರ್ಡ್‌ಗೆ ಸಿಕ್ಕಿಸಿದ್ದನ್ನೆಲ್ಲ ತೆಗೆಯಿರಿ. ಯುಎಸ್‌ಬಿ ಡಿಸ್ಕ್, ಕ್ಯಾಮೆರಾ, ಮೇಲೆ ಕೂರಿಸಿದ ಬೋರ್ಡ್, ಎಸ್‌ಡಿ ಕಾರ್ಡ್, ಎಲ್ಲವನ್ನೂ. ಬರೀ ಬೋರ್ಡ್, ಬರೀ ಕರೆಂಟ್. ಈಗ ಲೈಟ್ ಹತ್ತಿತೇ? ಹಾಗಾದರೆ ತೊಂದರೆ ಬೋರ್ಡ್‌ನದ್ದಲ್ಲ, ತೆಗೆದಿಟ್ಟದ್ದರಲ್ಲಿ ಯಾವುದೋ ಒಂದರದ್ದು. ಒಂದೊಂದಾಗಿ ಮತ್ತೆ ಸಿಕ್ಕಿಸುತ್ತಾ ಹೋಗಿ, ಸಿಕ್ಕಿಬೀಳುತ್ತದೆ.

ಹತ್ತಲಿಲ್ಲ ಎಂದರೆ ಕೇಬಲ್ ಬದಲಿಸಿ. ಆಮೇಲೆ ಅಡಾಪ್ಟರ್ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಎಂದು ಗೊತ್ತಾಗುವುದಿಲ್ಲ, ಕೆಟ್ಟದ್ದು ಡ್ರಾಯರಿಗೆ ವಾಪಸ್ ಹೋಗುತ್ತದೆ, ಇನ್ನೊಂದು ದಿನ ಮತ್ತೆ ಕಾಡುತ್ತದೆ.

ಕೆಲವು ಬೋರ್ಡ್‌ಗಳಿಗೆ ಅವುಗಳದ್ದೇ ಚಾಳಿ ಇರುತ್ತದೆ. ರಾಸ್ಪ್‌ಬೆರಿ ಪೈ 4 ಬೋರ್ಡ್ 2019ರಲ್ಲಿ ಬಂದಾಗ ಅದರ ಯುಎಸ್‌ಬಿ-ಸಿ ಕಿಂಡಿಯ ವೈರಿಂಗ್‌ನಲ್ಲಿ ಒಂದು ತಪ್ಪಿತ್ತು. ಒಳಗೆ ಗುರುತು ಚಿಪ್ ಇರುವ ‘ಬುದ್ಧಿವಂತ’ ಕೇಬಲ್ ಹಾಕಿದರೆ ಚಾರ್ಜರ್ ಆ ಬೋರ್ಡನ್ನು ಆಡಿಯೋ ಸಾಧನ ಎಂದುಕೊಂಡು ಕರೆಂಟೇ ಕೊಡುತ್ತಿರಲಿಲ್ಲ. ಆ ಮೊದಲ ಸರಣಿಯ ಬೋರ್ಡ್ ನಿಮ್ಮಲ್ಲಿದ್ದರೆ ದುಬಾರಿ ಲ್ಯಾಪ್‌ಟಾಪ್ ಕೇಬಲ್ ಬಿಟ್ಟು ಸಾದಾ ಕೇಬಲ್ ಹಾಕಿ ನೋಡಿ. ಎನ್‌ವಿಡಿಯಾ ಜೆಟ್ಸನ್ ನ್ಯಾನೋ ಡೆವಲಪರ್ ಕಿಟ್‌ನಲ್ಲಿ ದುಂಡನೆಯ ಪವರ್ ಕಿಂಡಿಯಿಂದ ಕರೆಂಟ್ ಬರಬೇಕಾದರೆ ಜೆ48 ಎಂಬ ಜಂಪರ್ (ಎರಡು ಪಿನ್ ಸೇರಿಸುವ ಪುಟ್ಟ ಟೋಪಿ) ಕೂರಿಸಿರಬೇಕು. ಇಲ್ಲದಿದ್ದರೆ ಎಷ್ಟೇ ಒಳ್ಳೆ ಅಡಾಪ್ಟರ್ ಹಾಕಿದರೂ ಬೋರ್ಡ್ ತೆಪ್ಪಗಿರುತ್ತದೆ. ಹಳೆಯ ಪೈ ಬೋರ್ಡ್‌ಗಳಲ್ಲಿ ತಾನಾಗಿ ಸರಿಹೋಗುವ ಪಾಲಿಫ್ಯೂಸ್ ಇದೆ. ಶಾರ್ಟ್ ಆಗಿ ಅದು ಬಿಸಿಯಾಗಿದ್ದರೆ ತಣಿದು ಮೊದಲಿನ ಹಾಗಾಗಲು ಹೊತ್ತು ಬೇಕು, ಕೆಲವೊಮ್ಮೆ ದಿನಗಟ್ಟಲೆ. ಬೋರ್ಡನ್ನು ಪಕ್ಕಕ್ಕಿಟ್ಟು ಮಾರನೇ ದಿನ ನೋಡಿ.

ಲೈಟ್ ಒಂದು ಕ್ಷಣ ಮಿನುಗಿ ಆರಿತೇ? ಇದು ಪೂರ್ತಿ ಕತ್ತಲೆಗಿಂತ ಬೇರೆ ಗುರುತು. ಬೋರ್ಡ್ ಮೇಲಿನ ಪವರ್ ಚಿಪ್ ಎಚ್ಚರಾಗಿ, ಎಲ್ಲೋ ಜಾಸ್ತಿ ಕರೆಂಟ್ ಹರಿಯುತ್ತಿದೆ ಎಂದು ಕಂಡು, ತಾನೇ ಬಾಗಿಲು ಹಾಕಿಕೊಂಡಿರಬಹುದು. ಮೇಲಿನದನ್ನೆಲ್ಲ ಬಿಚ್ಚಿದ ಮೇಲೂ ಹೀಗೇ ಆದರೆ ಬೋರ್ಡ್‌ನ ಒಳಗೇ ಶಾರ್ಟ್ ಇರುವ ಸಾಧ್ಯತೆ ಜಾಸ್ತಿ.

ಮಲ್ಟಿಮೀಟರ್ ಇದ್ದರೆ 5 ವೋಲ್ಟ್ ಪಿನ್ ಮತ್ತು ಗ್ರೌಂಡ್ ನಡುವೆ ಅಳೆಯಿರಿ, ಆಮೇಲೆ 3.3 ವೋಲ್ಟ್ ಪಿನ್. ಮೀಟರ್ ತಂತಿಯ ಚೂಪು ತುದಿ ಜಾರಿ ಪಕ್ಕದ ಪಿನ್‌ಗೆ ತಾಗದಂತೆ ಕೈ ಗಟ್ಟಿ ಇರಲಿ. 5 ಇದೆ, 3.3 ಇಲ್ಲ ಎಂದರೆ 5ನ್ನು 3.3ಕ್ಕೆ ಇಳಿಸುವ ಬೋರ್ಡ್‌ನ ರೆಗ್ಯುಲೇಟರ್ ಕೆಲಸ ಮಾಡುತ್ತಿಲ್ಲ. ಕರೆಂಟ್ ಕೊಟ್ಟ ಕೆಲವೇ ಸೆಕೆಂಡಿನಲ್ಲಿ ಮುಖ್ಯ ಚಿಪ್ ಮುಟ್ಟಲಾರದಷ್ಟು ಬಿಸಿಯಾದರೆ ತಕ್ಷಣ ಕೇಬಲ್ ಕೀಳಿ. ಅಲ್ಲಿಂದ ಮುಂದೆ ಮನೆಯಲ್ಲಿ ಮಾಡುವ ಕೆಲಸವಿಲ್ಲ.

ಪವರ್ ಲೈಟ್ ಇದೆ, ಪರದೆ ಕಪ್ಪು

ಪರದೆ ಕಪ್ಪು ಎಂದರೆ ಬೋರ್ಡ್ ಬೂಟ್ ಆಗಿಲ್ಲ ಎಂದೇ ಅರ್ಥವಲ್ಲ. ನೆಟ್‌ವರ್ಕ್ ಕೇಬಲ್ ಹಾಕಿ, ರೂಟರ್‌ನ ಪಟ್ಟಿಯಲ್ಲಿ ಬೋರ್ಡ್ ಕಾಣುತ್ತದೆಯೇ ನೋಡಿ. ಕಂಡರೆ ತೊಂದರೆ ಬರೀ ಚಿತ್ರದ್ದು. ಎರಡು ಎಚ್‌ಡಿಎಂಐ ಕಿಂಡಿ ಇರುವ ಪೈ 4ರಲ್ಲಿ ಪವರ್ ಕಿಂಡಿಯ ಪಕ್ಕದ್ದನ್ನೇ ಬಳಸಿ. ಮಾನಿಟರ್ ಮೊದಲು ಆನ್ ಮಾಡಿ, ಆಮೇಲೆ ಬೋರ್ಡ್. ಪೈ 5ರಲ್ಲಿ ಲೈಟ್ ಒಂದೇ. ಅದು ಕೆಂಪಾಗಿದ್ದರೆ ಕರೆಂಟ್ ಇದೆ, ಬೋರ್ಡ್ ಆಫ್ ಇದೆ ಎಂದು. ಬಟನ್ ಒತ್ತಿ, ಅಷ್ಟೆ. ಈ ಒಂದು ವಿಷಯಕ್ಕೆ ಅರ್ಧ ದಿನ ಕಳೆದವರನ್ನು ನೋಡಿದ್ದೇನೆ.

ಇನ್ನು ಚಟುವಟಿಕೆ ಲೈಟ್. ಎಷ್ಟೋ ಜನ ಇದನ್ನು ಸುಮ್ನೆ ಮಿನುಗುವ ದೀಪ ಎಂದುಕೊಳ್ಳುತ್ತಾರೆ. ಪೈ ಬೋರ್ಡ್‌ಗಳಲ್ಲಿ ಅದು ಲೆಕ್ಕ ಹಾಕಿ ಮಿನುಗುತ್ತದೆ. 4 ಸಲ ಮಿನುಗಿ, ನಿಂತು, ಮತ್ತೆ 4 ಸಲ ಮಿನುಗಿದರೆ ಕಾರ್ಡ್‌ನಲ್ಲಿ ಶುರುವಿನ ಫರ್ಮ್‌ವೇರ್ ಫೈಲ್ ಸಿಕ್ಕಿಲ್ಲ. 7 ಸಲ ಆದರೆ ಕರ್ನಲ್ ಸಿಕ್ಕಿಲ್ಲ. ಇವೆರಡೂ ಕಾರ್ಡನ್ನು ಮತ್ತೆ ಬರೆದರೆ ಸರಿಹೋಗುವಂಥವು. 8 ಸಲ ಎಂದರೆ ಮೆಮೊರಿ ಚಿಪ್ ಎದ್ದಿಲ್ಲ, ಕಾರ್ಡ್ ಬದಲಿಸಿ ಪ್ರಯೋಜನವಿಲ್ಲ. ಹೊಸ ಬೋರ್ಡ್‌ಗಳಲ್ಲಿ ಮೊದಲು ಉದ್ದ ಮಿನುಗು, ಆಮೇಲೆ ಚಿಕ್ಕ ಮಿನುಗು ಇರುತ್ತದೆ. 2 ಉದ್ದ 1 ಚಿಕ್ಕ ಬಂದರೆ ಕಾರ್ಡಿನ ಪಾರ್ಟಿಷನ್ (ಒಂದು ಭಾಗ) ಫ್ಯಾಟ್ ಎಂಬ ಫಾರ್ಮ್ಯಾಟಿನದ್ದಲ್ಲ. 3 ಉದ್ದ 1 ಚಿಕ್ಕ ಬಂದರೆ ಬೋರ್ಡ್ ಮೇಲಿನ ಇಇಪ್ರಾಮ್‌ನಲ್ಲೇ (ಬೂಟ್‌ಲೋಡರ್ ಇರುವ ಪುಟ್ಟ ಚಿಪ್) ತೊಂದರೆ. ಎಣಿಸುವಾಗ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಕಣ್ಣಲ್ಲಿ ಎಣಿಸಿದರೆ ಒಂದು ಹೆಚ್ಚು ಕಮ್ಮಿ ಆಗಿಯೇ ಆಗುತ್ತದೆ.

ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಬೋರ್ಡ್‌ನಲ್ಲಿ 4 ನೀಲಿ ಲೈಟ್‌ಗಳಿವೆ. ಮೊದಲನೆಯದು ಎದೆಬಡಿತದ ಹಾಗೆ ಎರಡೆರಡು ಸಲ ಮಿಡಿಯುತ್ತಿದ್ದರೆ ಕರ್ನಲ್ ಓಡುತ್ತಿದೆ. ಒಂದೂ ಹತ್ತದಿದ್ದರೆ ಬೂಟ್‌ಲೋಡರ್‌ವರೆಗೂ ಹೋಗಿಲ್ಲ.

ಲೈಟ್ ಏನೂ ಹೇಳದಿದ್ದರೆ ಬೇರೆ ಕಾರ್ಡ್ ತೆಗೆದುಕೊಳ್ಳಿ. ಬೋರ್ಡ್ ತಯಾರಕರದ್ದೇ ಇಮೇಜ್ ಬರೆದು ಹಾಕಿ. ಹಳೆಯ ಕಾರ್ಡನ್ನು ಈಗಲೇ ಫಾರ್ಮ್ಯಾಟ್ ಮಾಡಬೇಡಿ, ಅದರಲ್ಲಿ ನಿಮ್ಮ ಫೈಲ್‌ಗಳಿವೆ.

ಬೂಟ್ ಆಗುತ್ತದೆ, ಆದರೆ ಮಧ್ಯೆ ಮಧ್ಯೆ ರೀಸ್ಟಾರ್ಟ್, ಇಲ್ಲವೇ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು

ಕಣ್ಣು ಮುಚ್ಚಿ ಒಂದು ಕಾರಣ ಹೇಳು ಎಂದರೆ ಕರೆಂಟ್ ಸಾಲುತ್ತಿಲ್ಲ ಎನ್ನುತ್ತೇನೆ. ಪೈ ಬೋರ್ಡ್‌ನಲ್ಲಿ ವೋಲ್ಟೇಜ್ ಸುಮಾರು 4.63ಕ್ಕಿಂತ ಕೆಳಗಿಳಿದರೆ ಆ ಮಿಂಚಿನ ಗುರುತು ಬರುತ್ತದೆ.

‘ಅಡಾಪ್ಟರ್ ಮೇಲೆ 5 ವೋಲ್ಟ್ 3 ಆಂಪಿಯರ್ ಎಂದೇ ಬರೆದಿದೆಯಲ್ಲ’ ಎನ್ನಬಹುದು. ಅಡಾಪ್ಟರ್ ಸರಿ, ಕೇಬಲ್? ಒಮ್ಮೆ ನನ್ನದೇ ಒಂದು ಬೋರ್ಡ್ ರಾತ್ರಿ ಬ್ಯಾಕಪ್ ಶುರುವಾದ ಕೂಡಲೇ ರೀಸ್ಟಾರ್ಟ್ ಆಗುತ್ತಿತ್ತು. ಸಾಫ್ಟ್‌ವೇರ್ ಎಂದುಕೊಂಡು ಮೂರು ದಿನ ಲಾಗ್ ಓದಿದೆ. ಕೊನೆಗೆ ಮೀಟರ್ ಹಿಡಿದೆ. ಸುಮ್ಮನಿದ್ದಾಗ ಪಿನ್‌ನಲ್ಲಿ 5.0. ಡಿಸ್ಕ್ ತಿರುಗಲು ಶುರುವಾಯಿತು, ಕಣ್ಣೆದುರೇ 4.4ಕ್ಕೆ ಇಳಿಯಿತು. ಲೆಕ್ಕ ಸರಳ. ತೆಳ್ಳಗಿನ 28 ಗೇಜ್ ತಂತಿ ಒಂದು ಮೀಟರ್ ಉದ್ದಕ್ಕೆ ಸುಮಾರು 0.21 ಓಮ್ ತಡೆ ಒಡ್ಡುತ್ತದೆ. ಹೋಗುವ ತಂತಿ, ಬರುವ ತಂತಿ ಸೇರಿ 0.42. ಅದರಲ್ಲಿ 2 ಆಂಪಿಯರ್ ಹರಿದರೆ 0.84 ವೋಲ್ಟ್ ದಾರಿಯಲ್ಲೇ ಖರ್ಚು. ದಪ್ಪ, ಗಿಡ್ಡ ಕೇಬಲ್ ಹಾಕಿದೆ, ಆಮೇಲೆ ಒಮ್ಮೆಯೂ ರೀಸ್ಟಾರ್ಟ್ ಆಗಲಿಲ್ಲ. ಹಾಗಾಗಿ ಅಳೆಯುವುದಿದ್ದರೆ ಬೋರ್ಡ್‌ನ ಪಿನ್‌ನಲ್ಲಿ, ಕೆಲಸ ನಡೆಯುತ್ತಿರುವಾಗ ಅಳೆಯಿರಿ. ಅಡಾಪ್ಟರ್ ತುದಿಯಲ್ಲಿ ಅಳೆದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಮೀಟರ್ ಇಲ್ಲದಿದ್ದರೂ ಪೈನಲ್ಲಿ ಕೇಳಿ ತಿಳಿಯಬಹುದು. ‘ವಿಸಿಜೆನ್‌ಕಮಾಂಡ್’ ಎಂಬ ಉಪಕರಣಕ್ಕೆ ‘ಗೆಟ್ ಥ್ರಾಟಲ್ಡ್’ ಆಜ್ಞೆ ಕೊಟ್ಟರೆ ಒಂದು ಸಂಖ್ಯೆ ಬರುತ್ತದೆ. 0 ಬಂದರೆ ನಿಶ್ಚಿಂತೆ. 50000 ಬಂದರೆ ಈಗ ಸರಿ ಇದೆ, ಆದರೆ ಆನ್ ಆದಾಗಿನಿಂದ ಒಮ್ಮೆಯಾದರೂ ವೋಲ್ಟೇಜ್ ಬಿದ್ದು ವೇಗ ಕಡಿತವಾಗಿದೆ. 50005 ಬಂದರೆ ಈ ಕ್ಷಣವೂ ಅದೇ ಪಾಡು. ಪೈ 5ಕ್ಕೆ 5 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಬೇಕು. 3 ಆಂಪಿಯರ್‌ನದ್ದು ಹಾಕಿದರೆ ಬೋರ್ಡ್ ಓಡುತ್ತದೆ, ಆದರೆ ಯುಎಸ್‌ಬಿ ಕಿಂಡಿಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ಡಿಸ್ಕ್ ಕಾಣಿಸಿಕೊಂಡು ಮಾಯವಾಗುವುದು ಇದಕ್ಕೇ.

ಕರೆಂಟ್ ಸರಿ ಇದ್ದರೆ ಬಿಸಿ ನೋಡಿ. ಪೈ 4 ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ವೇಗ ಇಳಿಸಲು ಶುರು ಮಾಡುತ್ತದೆ. ಬಿಸಿಯಾದರೆ ಸಾಮಾನ್ಯವಾಗಿ ನಿಧಾನವಾಗುತ್ತದೆ, ರೀಸ್ಟಾರ್ಟ್ ಆಗುವುದು ಕಮ್ಮಿ.

ರೀಸ್ಟಾರ್ಟ್ ಗಡಿಯಾರ ಇಟ್ಟ ಹಾಗೆ ಕರಾರುವಾಕ್ಕಾಗಿ ಆಗುತ್ತಿದೆಯೇ? ಪ್ರತಿ ಸಲ ಬೂಟ್ ಆದ ಇಷ್ಟೇ ಸೆಕೆಂಡಿಗೆ? ಆಗ ವಾಚ್‌ಡಾಗ್ ಮೇಲೆ ಅನುಮಾನ ಪಡಿ. ಇದು ಚಿಪ್‌ನೊಳಗಿನ ಕಾವಲುಗಾರ. ನಿಗದಿತ ಸಮಯದೊಳಗೆ ಸಾಫ್ಟ್‌ವೇರ್ ‘ನಾನು ಇದ್ದೇನೆ’ ಎಂದು ಹೇಳದಿದ್ದರೆ ಬೋರ್ಡನ್ನು ರೀಸೆಟ್ ಮಾಡುತ್ತದೆ. ಬೂಟ್‌ಲೋಡರ್ ಇದನ್ನು ಚಾಲೂ ಮಾಡಿ, ಕರ್ನಲ್‌ನಲ್ಲಿ ಅದರ ಡ್ರೈವರ್ ಇಲ್ಲದಿದ್ದರೆ ಹೇಳುವವರೇ ಇರುವುದಿಲ್ಲ. ಪೈನ ವಾಚ್‌ಡಾಗ್ ಹೆಚ್ಚೆಂದರೆ ಸುಮಾರು 15 ಸೆಕೆಂಡ್ ಕಾಯುತ್ತದೆ. ಇದನ್ನು ಬಂದ್ ಮಾಡಿ ಪರೀಕ್ಷಿಸಿ. ಕಾರಣ ಸಿಕ್ಕ ಮೇಲೆ ಮತ್ತೆ ಚಾಲೂ ಮಾಡುವುದನ್ನು ಮರೆಯಬೇಡಿ. ದೂರದಲ್ಲೆಲ್ಲೋ ಕಂಬದ ಮೇಲೆ ಕೂತ ಬೋರ್ಡ್‌ಗೆ ಅದೇ ಆಸರೆ.

ಬರೆದ ಫೈಲ್ ರೀಸ್ಟಾರ್ಟ್ ಆದ ಮೇಲೆ ಇರುವುದಿಲ್ಲ. ‘ರೀಡ್ ಓನ್ಲಿ’ ಎನ್ನುತ್ತದೆ

ಕಾರ್ಡ್ ಸಾಯುವಾಗ ಹೀಗೂ ಸಾಯುತ್ತದೆ. ಬರೆಯಿರಿ ಎಂದರೆ ಬರೆದೆ ಎನ್ನುತ್ತದೆ, ಆದರೆ ಬರೆದಿರುವುದಿಲ್ಲ. ಲಿನಕ್ಸ್ ತಪ್ಪು ಕಂಡ ಕೂಡಲೇ ಫೈಲ್‌ಸಿಸ್ಟಂ ಅನ್ನು ಓದಲು ಮಾತ್ರ ಎಂದು ಬೀಗ ಹಾಕುವುದೂ ಉಂಟು. ಇಂಥ ಕಾರ್ಡ್ ಮೇಲೆ ಮೊದಲೇ ರಿಪೇರಿ ಆಜ್ಞೆ ಓಡಿಸಬೇಡಿ. ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ‘ಡಿಡಿರೆಸ್ಕ್ಯೂ’ ಬಳಸಿ ಇಡೀ ಕಾರ್ಡ್‌ನ ನಕಲು ತೆಗೆಯಿರಿ. ರಿಪೇರಿ ಏನಿದ್ದರೂ ಆ ನಕಲಿನ ಮೇಲೆ.

ಹೊಸ ಕಾರ್ಡೇ ಹೀಗೆ ಆಡಿದರೆ ಅದು ನಕಲಿ ಇರಬಹುದು. ಮೇಲೆ 128 ಜಿಬಿ ಎಂದಿರುತ್ತದೆ, ಒಳಗೆ ಅಷ್ಟು ಇರುವುದಿಲ್ಲ. ‘ಎಫ್3’ ಎಂಬ ಉಚಿತ ಉಪಕರಣ ಕಾರ್ಡ್ ತುಂಬ ಬರೆದು, ಮತ್ತೆ ಓದಿ, ನಿಜ ಹೇಳುತ್ತದೆ.

ಬೋರ್ಡ್‌ಗೆ ಬೆಸೆದ ಇಎಂಎಂಸಿ ಆದರೆ ಅದರ ಆಯಸ್ಸನ್ನು ಅದನ್ನೇ ಕೇಳಬಹುದು. 5.0 ಆವೃತ್ತಿಯಿಂದ ಈಚಿನ ಇಎಂಎಂಸಿಗಳು ಈ ಲೆಕ್ಕ ಇಟ್ಟುಕೊಂಡಿರುತ್ತವೆ. ‘ಎಂಎಂಸಿ-ಯುಟಿಲ್ಸ್’ ಕಟ್ಟಿನಿಂದ ಓದಿದರೆ 1ರಿಂದ 11ರವರೆಗಿನ ಅಂಕಿ ಸಿಗುತ್ತದೆ. ಅದನ್ನು ಹದಿನಾರರ ಲೆಕ್ಕದಲ್ಲಿ ತೋರಿಸುವುದರಿಂದ 10ಕ್ಕೆ ಎ, 11ಕ್ಕೆ ಬಿ ಎಂದಿರುತ್ತದೆ. 1 ಎಂದರೆ 10 ಶೇಕಡಾದೊಳಗೆ ಸವೆದಿದೆ. ಬಿ ಬಂತೆಂದರೆ ಅಂದಾಜು ಆಯಸ್ಸು ಮುಗಿದಿದೆ, ಇವತ್ತೇ ಬ್ಯಾಕಪ್ ತೆಗೆದುಕೊಳ್ಳಿ.

ಲೈಟ್ ಇದೆ, ಏನೂ ಹೇಳುತ್ತಿಲ್ಲ: ಸೀರಿಯಲ್ ಕೇಬಲ್ ಹಾಕುವ ಹೊತ್ತು

ಇಲ್ಲಿವರೆಗೆ ಹೊರಗಿನಿಂದ ನಾಡಿ ನೋಡಿದ್ದಾಯಿತು. ಈಗ ಬೋರ್ಡ್ ಜೊತೆ ಮಾತಾಡಬೇಕು. ಬೂಟ್ ಆಗುವಾಗ ಬೋರ್ಡ್ ತನ್ನ ಸಂದೇಶಗಳನ್ನು ಅಕ್ಷರಗಳಾಗಿ ಕಳಿಸುವ ದಾರಿಯೇ ಸೀರಿಯಲ್. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಪುಟ್ಟ ಕೇಬಲ್ ಒಂದಿದ್ದರೆ ಸಾಕು. ನನ್ನ ಮಟ್ಟಿಗೆ ಈ ಕೆಲಸಕ್ಕೆ ಮಲ್ಟಿಮೀಟರ್‌ಗಿಂತ ಇದು ದೊಡ್ಡ ಆಯುಧ.

ಬೋರ್ಡ್‌ನ ಪಿನ್‌ಗಳು 3.3 ವೋಲ್ಟ್‌ನವಾದರೆ 3.3 ವೋಲ್ಟ್‌ನ ಕೇಬಲೇ ಬೇಕು, 1.8ರವಾದರೆ 1.8ರದ್ದು. 5 ವೋಲ್ಟ್‌ನದ್ದು ಬೇಡ, ಹಳೇ ಕಂಪ್ಯೂಟರ್‌ನ 9 ಪಿನ್ ಸೀರಿಯಲ್ ಅಂತೂ ಬೇಡವೇ ಬೇಡ. ಮೂರು ತಂತಿ ಸಿಕ್ಕಿಸಿ. ಗ್ರೌಂಡ್‌ಗೆ ಗ್ರೌಂಡ್. ಕೇಬಲ್‌ನ ಕಳಿಸುವ ತಂತಿ ಬೋರ್ಡ್‌ನ ಕೇಳುವ ಪಿನ್‌ಗೆ, ಬೋರ್ಡ್‌ನ ಕಳಿಸುವ ಪಿನ್ ಕೇಬಲ್‌ನ ಕೇಳುವ ತಂತಿಗೆ. ಬಾಯಿ ಕಿವಿಗೆ ಸೇರಬೇಕು, ಅಲ್ವಾ? ನಾಲ್ಕನೆಯ ಕೆಂಪು ತಂತಿ ಕರೆಂಟಿನದು, ಅದನ್ನು ಹಾಗೇ ಬಿಟ್ಟುಬಿಡಿ. ಪೈನಲ್ಲಿ 6ನೇ ಪಿನ್ ಗ್ರೌಂಡ್, 8 ಕಳಿಸುವುದು, 10 ಕೇಳುವುದು.

ವೇಗ (ಸೆಕೆಂಡಿಗೆ ಎಷ್ಟು ಬಿಟ್) ಬಹಳಷ್ಟು ಬೋರ್ಡ್‌ಗಳಲ್ಲಿ 115200. ರಾಕ್‌ಚಿಪ್ ಕಂಪನಿಯ ಚಿಪ್ ಇರುವ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ 1500000. ಪರದೆ ಮೇಲೆ ಬರೀ ಕಸ ಬಂದರೆ ವೇಗ ತಪ್ಪಾಗಿದೆ ಎಂದು ಅರ್ಥ, ಬೋರ್ಡ್ ಕೆಟ್ಟಿದೆ ಎಂದಲ್ಲ. ಹಳೆಯ ಸಿಪಿ2102 ಚಿಪ್‌ನ ಕೇಬಲ್‌ಗಳಿಗೆ 10 ಲಕ್ಷವೇ ಮಿತಿ, ರಾಕ್‌ಚಿಪ್ ವೇಗಕ್ಕೆ ಅವು ಸಾಲುವುದಿಲ್ಲ. ಇನ್ನೊಂದು ವಿಚಿತ್ರ: ಬೋರ್ಡ್‌ಗೆ ಕರೆಂಟ್ ಇಲ್ಲದಿದ್ದರೂ ಸೀರಿಯಲ್ ತಂತಿಯಿಂದ ಸೋರುವ ಕರೆಂಟಿಗೇ ಕೆಲವು ಬೋರ್ಡ್‌ಗಳ ಲೈಟ್ ಮಂಕಾಗಿ ಹತ್ತುತ್ತದೆ. ಹಾಗಾದಾಗ ರೀಸೆಟ್ ಸರಿಯಾಗಿ ಆಗುವುದಿಲ್ಲ. ಆಫ್ ಮಾಡುವಾಗ ಸೀರಿಯಲ್ಲನ್ನೂ ಕಿತ್ತುಬಿಡಿ.

ಈಗ ಕರೆಂಟ್ ಕೊಟ್ಟು ಕೊನೆಯ ಸಾಲನ್ನು ಓದಿ. ಕೊಡ ಯಾರ ಕೈಯಲ್ಲಿದೆ ಎಂದು ಆ ಸಾಲು ಹೇಳುತ್ತದೆ.

ಏನೂ ಬರಲಿಲ್ಲ ಎಂದರೆ ಬೂಟ್‌ಲೋಡರ್ ಸಿಗದಿರಬಹುದು, ಕೆಳಗೆ ‘ಬೂಟ್‌ಲೋಡರ್ ಬರೆಯುವಾಗ ಕರೆಂಟ್ ಹೋಯಿತು’ ಎಂಬ ಭಾಗಕ್ಕೆ ಹೋಗಿ. ಬೀಗಲ್‌ಬೋನ್‌ನಲ್ಲಿ ‘ಸಿ ಸಿ ಸಿ ಸಿ’ ಎಂದು ಒಂದೇ ಅಕ್ಷರ ಸಾಲಾಗಿ ಬಂದರೆ ಖುಷಿಪಡಿ. ಬೂಟ್ ರೋಮ್ ಬದುಕಿದೆ. ಎಲ್ಲೂ ಏನೂ ಸಿಗದೆ, ಸೀರಿಯಲ್‌ನಲ್ಲೇ ಬೂಟ್‌ಲೋಡರ್ ಕಳಿಸಿ ಎಂದು ಕರೆಯುತ್ತಿದೆ.

‘ಬ್ಯಾಡ್ ಸಿಆರ್‌ಸಿ’ ಎಂದು ಯು-ಬೂಟ್ (ಬಹಳ ಬೋರ್ಡ್‌ಗಳು ಬಳಸುವ ಬೂಟ್‌ಲೋಡರ್) ಹೇಳಿದರೆ ಗಾಬರಿ ಬೇಡ. ಉಳಿಸಿದ ಸೆಟ್ಟಿಂಗ್ ಸಿಗಲಿಲ್ಲ, ಮೂಲ ಸೆಟ್ಟಿಂಗ್ ಬಳಸುತ್ತೇನೆ ಎನ್ನುತ್ತಿದೆ. ಹೊಸ ಬೋರ್ಡ್‌ನಲ್ಲಿ ಇದು ಮಾಮೂಲು. ‘ಕಾರ್ಡ್ ಡಿಡ್ ನಾಟ್ ರೆಸ್ಪಾಂಡ್’ ಎಂದರೆ ಕಾರ್ಡ್ ಉತ್ತರಿಸುತ್ತಿಲ್ಲ. ತೆಗೆದು, ಸಂಪರ್ಕದ ಚಿನ್ನದ ಬಣ್ಣದ ಪಟ್ಟಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ.

‘ಸ್ಟಾರ್ಟಿಂಗ್ ಕರ್ನಲ್’ ಎಂದು ಬಂದು ಆಮೇಲೆ ಮೌನ? ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಕರ್ನಲ್ ಓಡುತ್ತಲೇ ಇರಬಹುದು, ಆದರೆ ಬೇರೆ ಸೀರಿಯಲ್ ಕಿಂಡಿಯಲ್ಲಿ ಮಾತಾಡುತ್ತಿರಬಹುದು. ಯಾವ ಕಿಂಡಿಯಲ್ಲಿ ಮಾತಾಡಬೇಕು ಎಂದು ಹೇಳುವ ಕನ್ಸೋಲ್ ಸೆಟ್ಟಿಂಗ್ ನೋಡಿ. ಅದು ಸರಿಯಿದ್ದರೆ ಡಿವೈಸ್ ಟ್ರೀ ಫೈಲ್ (ಬೋರ್ಡ್ ಮೇಲೆ ಏನೇನಿದೆ ಎಂಬ ಪಟ್ಟಿ) ಬೇರೆ ಬೋರ್ಡ್‌ನದ್ದಾಗಿರಬಹುದು.

‘ಅನೇಬಲ್ ಟು ಮೌಂಟ್ ರೂಟ್’ ಎಂದು ಕರ್ನಲ್ ಕೈಚೆಲ್ಲಿದರೆ ಕೊನೆಗೆ ಆವರಣದೊಳಗಿನ ಅಂಕಿ ಓದಿ. 0,0 ಇದ್ದರೆ ಕಾರ್ಡೇ ಕಂಡಿಲ್ಲ, ಡ್ರೈವರ್ ಇಲ್ಲ ಅಥವಾ ಪಾರ್ಟಿಷನ್ ಹೆಸರು ತಪ್ಪು. 179,2 ಇದ್ದರೆ ಕಾರ್ಡಿನ ಎರಡನೇ ಪಾರ್ಟಿಷನ್ ಕಂಡಿದೆ, ಒಳಗಿನ ಫೈಲ್‌ಸಿಸ್ಟಂ ಓದಲಾಗಿಲ್ಲ. ಮೊದಲನೆಯದಕ್ಕೆ ಸೆಟ್ಟಿಂಗ್ ಸರಿಮಾಡಬೇಕು, ಎರಡನೆಯದಕ್ಕೆ ಕಾರ್ಡ್ ರಿಪೇರಿ.

ಯಾವುದೋ ಸೆಟ್ಟಿಂಗ್ ಬದಲಿಸಿದೆ, ಅಂದಿನಿಂದ ಬೂಟ್ ಇಲ್ಲ

ಸೀರಿಯಲ್‌ನಲ್ಲಿ ಯು-ಬೂಟ್ ಎಣಿಕೆ ಶುರು ಮಾಡಿದಾಗ ಯಾವುದಾದರೂ ಕೀ ಒತ್ತಿ ನಿಲ್ಲಿಸಿ. ಅಲ್ಲಿ ಮೂಲ ಸೆಟ್ಟಿಂಗ್‌ಗೆ ಮರಳುವ ಆಜ್ಞೆ ಇದೆ. ಅದನ್ನು ಕೊಟ್ಟು, ಸೇವ್ ಮಾಡದೆ ಒಮ್ಮೆ ಬೂಟ್ ಮಾಡಿ ನೋಡಿ. ಸರಿಹೋದರೆ ಮಾತ್ರ ಮುಂದಿನ ಸಲ ಸೇವ್ ಮಾಡಿ.

ಇಎಂಎಂಸಿ ಒಳಗಿನ ಫೈಲ್ ಬೇಕಿದ್ದರೆ ಯು-ಬೂಟ್‌ನ ‘ಯುಎಂಎಸ್’ ಆಜ್ಞೆ ನೋಡಿ. ಬೋರ್ಡ್ ಅದನ್ನು ಬೆಂಬಲಿಸಿದರೆ ಇಡೀ ಇಎಂಎಂಸಿ ನಿಮ್ಮ ಕಂಪ್ಯೂಟರಿಗೆ ಪೆನ್‌ಡ್ರೈವ್ ಆಗಿ ಕಾಣುತ್ತದೆ. ಬೆಸೆದ ಚಿಪ್‌ನಿಂದ ಫೈಲ್ ತೆಗೆಯಲು ಇದಕ್ಕಿಂತ ಹಗುರದ ದಾರಿ ನನಗೆ ಗೊತ್ತಿಲ್ಲ.

ಅಪ್‌ಡೇಟ್ ಮಾಡಿದ್ದೆ, ತಾನಾಗಿ ಹಳೆಯದಕ್ಕೇ ವಾಪಸ್ ಹೋಗಿದೆ

ಇದು ಕೆಟ್ಟಿದ್ದಲ್ಲ, ಕಾಪಾಡಿದ್ದು. ಕೆಲವು ಸಾಧನಗಳಲ್ಲಿ ಸಿಸ್ಟಂನ ಎರಡು ಪ್ರತಿ ಇರುತ್ತವೆ. ಪ್ರತಿ ಬೂಟ್‌ಗೂ ಯು-ಬೂಟ್ ಒಂದು ಎಣಿಕೆ ಏರಿಸುತ್ತದೆ. ಸಿಸ್ಟಂ ಪೂರ್ತಿ ಎದ್ದ ಮೇಲೆ ಅದನ್ನು ಸೊನ್ನೆ ಮಾಡಬೇಕು. ಮಾಡದಿದ್ದರೆ, ಎಣಿಕೆ ಮಿತಿ ದಾಟಿದಾಗ ಹಳೆಯ ಪ್ರತಿಗೆ ಹೊರಳುತ್ತದೆ. ಹೊಸದು ಚೆನ್ನಾಗಿಯೇ ಓಡುತ್ತಿತ್ತು ಎಂದರೆ ಸೊನ್ನೆ ಮಾಡುವ ಸೇವೆ ಓಡಿಲ್ಲ, ಅದನ್ನು ಹುಡುಕಿ.

ಬೂಟ್‌ಲೋಡರ್ ಬರೆಯುವಾಗ ಕರೆಂಟ್ ಹೋಯಿತು, ಈಗ ಪೂರ್ತಿ ಮೌನ

ಶುರುವಿನಲ್ಲಿ ಹೇಳಿದ ಬೂಟ್ ರೋಮ್ ಇಲ್ಲಿ ಕೈಹಿಡಿಯುತ್ತದೆ. ಎಲ್ಲವೂ ಅಳಿಸಿದ್ದರೂ ಅದು ಇದೆ. ಬಹುತೇಕ ಚಿಪ್‌ಗಳಲ್ಲಿ ಯುಎಸ್‌ಬಿ ಮೂಲಕ ಹೊಸ ಬೂಟ್‌ಲೋಡರ್ ತೆಗೆದುಕೊಳ್ಳಲೂ ಅದಕ್ಕೆ ಬರುತ್ತದೆ. ಅದರ ಗಮನ ಸೆಳೆಯುವ ರೀತಿ ಮಾತ್ರ ಒಂದೊಂದಕ್ಕೆ ಒಂದೊಂದು.

ಪೈ 4 ಮತ್ತು 5: ಬೂಟ್‌ಲೋಡರ್ ಬೋರ್ಡ್ ಮೇಲಿನ ಇಇಪ್ರಾಮ್‌ನಲ್ಲಿದೆ. ಆದರೆ ರೋಮ್ ಮೊದಲು ಕಾರ್ಡ್‌ನಲ್ಲಿ ರಿಕವರಿ ಫೈಲ್ ಇದೆಯೇ ಎಂದು ನೋಡುತ್ತದೆ. ಹಾಗಾಗಿ ಇದು ಸುಲಭ. ರಾಸ್ಪ್‌ಬೆರಿ ಪೈ ಇಮೇಜರ್‌ನಲ್ಲಿ ಬೂಟ್‌ಲೋಡರ್ ರಿಕವರಿ ಇಮೇಜ್ ಆರಿಸಿ, ಕಾರ್ಡ್‌ಗೆ ಬರೆದು, ಹಾಕಿ, ಕರೆಂಟ್ ಕೊಡಿ. ಹಸಿರು ಲೈಟ್ ಬೇಗ ಬೇಗ ಮಿನುಗಿ, ಪರದೆ ಪೂರ್ತಿ ಹಸಿರಾದರೆ ಆಯಿತು. ಕನಿಷ್ಠ 10 ಸೆಕೆಂಡ್ ಬಿಟ್ಟು ಆಫ್ ಮಾಡಿ.

ಬೀಗಲ್‌ಬೋನ್ ಬ್ಲ್ಯಾಕ್: ಎಸ್2 ಬಟನ್ ಒತ್ತಿ ಹಿಡಿದು ಕರೆಂಟ್ ಕೊಟ್ಟರೆ ಇಎಂಎಂಸಿ ಬಿಟ್ಟು ಮೈಕ್ರೋ ಎಸ್‌ಡಿಯಿಂದ ಬೂಟ್ ಆಗುತ್ತದೆ. ರೀಸೆಟ್ ಬಟನ್ ಒತ್ತಿದರೆ ಸಾಲದು. ಎಸ್2 ಒತ್ತಿದೆಯೇ ಎಂದು ಚಿಪ್ ನೋಡುವುದು ಕರೆಂಟ್ ಬಂದ ಕ್ಷಣದಲ್ಲಿ ಮಾತ್ರ.

ಆಲ್‌ವಿನ್ನರ್: ಎಚ್3, ಎ64ರಂಥ ಚಿಪ್‌ಗಳು ಮೊದಲು ಎಸ್‌ಡಿ ಕಾರ್ಡನ್ನೇ ನೋಡುತ್ತವೆ. ಒಳ್ಳೆಯ ಕಾರ್ಡ್ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಕಾರ್ಡ್ ಕಿಂಡಿಯೇ ಕೆಟ್ಟಿದ್ದರೆ ಎಫ್‌ಇಎಲ್ ಎಂಬ ಯುಎಸ್‌ಬಿ ದಾರಿ ಇದೆ.

ರಾಕ್‌ಚಿಪ್: ಇಲ್ಲಿ ಸ್ವಲ್ಪ ಧೈರ್ಯ ಬೇಕು. ಆರ್‌ಕೆ3399 ಮೊದಲು ಎಸ್‌ಪಿಐ, ಆಮೇಲೆ ಇಎಂಎಂಸಿ, ಅದಾದ ಮೇಲೆ ಎಸ್‌ಡಿ ನೋಡುತ್ತದೆ. ಇಎಂಎಂಸಿಯಲ್ಲಿ ಅರೆಬರೆ ಕೆಟ್ಟ ಬೂಟ್‌ಲೋಡರ್ ಇದ್ದರೆ ರೋಮ್ ಅದನ್ನೇ ಹಿಡಿದು ಮುಗ್ಗರಿಸುತ್ತದೆ, ನಿಮ್ಮ ಕಾರ್ಡಿನ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಇಎಂಎಂಸಿಯನ್ನು ಒಂದು ಕ್ಷಣ ಕಾಣದಂತೆ ಮಾಡಬೇಕು. ಕೆಲವು ಬೋರ್ಡ್‌ಗಳಲ್ಲಿ ಇದಕ್ಕೆ ಮಾಸ್ಕ್‌ರೋಮ್ (ಬೂಟ್ ರೋಮ್‌ನದ್ದೇ ಇನ್ನೊಂದು ಹೆಸರು) ಬಟನ್ ಇರುತ್ತದೆ. ಇಲ್ಲದಿದ್ದರೆ ಇಎಂಎಂಸಿಯ ಕ್ಲಾಕ್ ಸಿಗ್ನಲ್ ಹೊರಬರುವ ಪುಟ್ಟ ಚುಕ್ಕೆಯನ್ನು ಗ್ರೌಂಡ್‌ಗೆ ತಾಗಿಸಬೇಕು.

ನಾನು ಮೊದಲ ಸಲ ಇದನ್ನು ಮಾಡಿದಾಗ ಚುಕ್ಕೆ ಸಾಸಿವೆ ಕಾಳಿಗಿಂತ ಚಿಕ್ಕದಿತ್ತು. ಬಲಗೈಯಲ್ಲಿ ಚಿಮಟ, ಎಡಗೈಯಲ್ಲಿ ಕೇಬಲ್, ಮೊಣಕೈಯಲ್ಲಿ ಬೋರ್ಡ್ ಒತ್ತಿ ಹಿಡಿದಿದ್ದೆ. ಮೂರು ಸಲ ಚಿಮಟ ಜಾರಿತು. ನಾಲ್ಕನೇ ಸಲ ಕಂಪ್ಯೂಟರಿನಲ್ಲಿ 2207 ಎಂಬ ಸಂಖ್ಯೆಯ ಸಾಧನ ಕಂಡಿತು, ಪಕ್ಕದಲ್ಲಿ ‘ಮಾಸ್ಕ್‌ರೋಮ್’ ಎಂದಿತ್ತು. 2207 ರಾಕ್‌ಚಿಪ್‌ನ ಗುರುತು. ಆ ಸಾಲು ಕಂಡರೆ ಬೋರ್ಡ್ ಬದುಕಿದ ಹಾಗೆ. ಕ್ರಮ ಹೀಗಿರಲಿ: ಕರೆಂಟ್ ತೆಗೆದಿರುವಾಗಲೇ ಚುಕ್ಕೆ ತಾಗಿಸಿ, ಕರೆಂಟ್ ಮತ್ತು ಯುಎಸ್‌ಬಿ ಕೊಡಿ, ಸಾಧನ ಕಂಡ ಕೂಡಲೇ ಚಿಮಟ ತೆಗೆಯಿರಿ. ತೆಗೆಯದಿದ್ದರೆ ಬರೆಯಲು ಇಎಂಎಂಸಿ ಸಿಗುವುದಿಲ್ಲ. ಆಮೇಲೆ ‘ಆರ್‌ಕೆಡೆವಲಪ್‌ಟೂಲ್’ ಬಳಸಿ ಮೊದಲು ಲೋಡರ್ ಕಳಿಸಿ, ಅದು ಮೆಮೊರಿ ಎಬ್ಬಿಸಿದ ಮೇಲೆ ಇಮೇಜ್ ಬರೆಯಿರಿ. ಯಾವ ಚುಕ್ಕೆ ಎಂದು ನಿಮ್ಮದೇ ಬೋರ್ಡ್‌ನ ನಕ್ಷೆಯಲ್ಲಿ ನೋಡಿ. ಅಂದಾಜಿನ ಮೇಲೆ ಚಿಮಟ ಇಡಬೇಡಿ, ಪಕ್ಕದ್ದು ಪವರ್ ಚುಕ್ಕೆ ಇರಬಹುದು.

ಜೆಟ್ಸನ್‌ನಲ್ಲಿ ರಿಕವರಿ ಪಿನ್ ಅನ್ನು ಗ್ರೌಂಡ್‌ಗೆ ಸೇರಿಸಿ ಆನ್ ಮಾಡಿದರೆ ಕಂಪ್ಯೂಟರಿನಲ್ಲಿ 0955 ಎಂದು ಕಾಣುತ್ತದೆ. ಎನ್‌ಎಕ್ಸ್‌ಪಿಯ ಐ.ಎಂಎಕ್ಸ್ ಚಿಪ್‌ಗಳಿಗೆ ‘ಯುಯುಯು’ ಎಂಬ ಉಪಕರಣ. ಹೆಸರು ಬೇರೆ, ಉಪಾಯ ಅದೇ.

ಯಾವ ದಾರಿಯಲ್ಲೂ ಯುಎಸ್‌ಬಿಯಲ್ಲಿ ಸಾಧನ ಕಾಣುತ್ತಿಲ್ಲವೇ? ಕೇಬಲ್ ಡೇಟಾ ಒಯ್ಯುತ್ತದೆಯೇ ನೋಡಿ. ಚಾರ್ಜಿಂಗ್‌ಗೆ ಮಾತ್ರ ಇರುವ ಕೇಬಲ್‌ನಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಬೋರ್ಡ್‌ನಲ್ಲಿ ರಿಕವರಿಗೆ ನಿಗದಿಯಾದ ಕಿಂಡಿಯೂ ಸಾಮಾನ್ಯವಾಗಿ ಒಂದೇ.

ಬೂಟ್ ಆಗಿದೆ, ಆದರೆ ವೈಫೈ ಅಥವಾ ಸೆನ್ಸರ್ ಮಾತ್ರ ಇಲ್ಲ

ಇದು ಹಾರ್ಡ್‌ವೇರ್ ಕೆಟ್ಟಿದ್ದಕ್ಕಿಂತ ಕರ್ನಲ್‌ಗೆ ಅದು ಇದೆ ಎಂದೇ ಗೊತ್ತಿಲ್ಲದಿರುವುದು ಜಾಸ್ತಿ. ಯುಎಸ್‌ಬಿ ಸಾಧನ ತಾನೇ ಹೆಸರು ಹೇಳಿಕೊಳ್ಳುತ್ತದೆ. ಬೋರ್ಡ್ ಮೇಲೆ ಬೆಸೆದ ಭಾಗಗಳಲ್ಲಿ ಬಹಳಷ್ಟು ಹೇಳಿಕೊಳ್ಳುವುದಿಲ್ಲ. ಅವುಗಳ ಪಟ್ಟಿ ಡಿವೈಸ್ ಟ್ರೀಯಲ್ಲಿ ಇರಬೇಕು. ಕರ್ನಲ್ ಬದಲಿಸಿದ ಮೇಲೆ ಒಂದು ಭಾಗ ಮಾಯವಾದರೆ ಮೊದಲು ಅಲ್ಲಿ ನೋಡಿ.

ವೈಫೈಗೆ ಕರ್ನಲ್ ಲಾಗ್‌ನಲ್ಲಿ ಫರ್ಮ್‌ವೇರ್ ಸಾಲು ಹುಡುಕಿ. ಕೊನೆಯಲ್ಲಿ -2 ಇದ್ದರೆ ಆ ಹೆಸರಿನ ಫೈಲ್ ಡಿಸ್ಕ್‌ನಲ್ಲಿ ಇಲ್ಲ, ಹಾಕಿದರೆ ಸರಿಹೋಗುತ್ತದೆ. ಯುಎಸ್‌ಬಿ 3 ಡಿಸ್ಕ್ ಸಿಕ್ಕಿಸಿದಾಗ ಮಾತ್ರ ವೈಫೈ ಕುಂಟಿದರೆ ಅದು ಆ ಕೇಬಲ್ ಹೊರಸೂಸುವ ಗದ್ದಲ, 2.4 ಗಿಗಾಹರ್ಟ್ಸ್‌ಗೆ ತಾಗುತ್ತದೆ. 5 ಗಿಗಾಹರ್ಟ್ಸ್‌ಗೆ ಬದಲಿಸಿ. ಐ2ಸಿ (ಎರಡು ತಂತಿಯ ಸಂಪರ್ಕ) ಸೆನ್ಸರ್ ಹುಡುಕುವಾಗ ವಿಳಾಸದ ಜಾಗದಲ್ಲಿ ‘ಯುಯು’ ಎಂದು ಬಂದರೆ ಸೆನ್ಸರ್ ಕಾಣೆಯಾಗಿಲ್ಲ, ಕರ್ನಲ್ ಡ್ರೈವರ್ ಅದನ್ನು ಆಗಲೇ ಹಿಡಿದುಕೊಂಡಿದೆ.

ದಿನಾಂಕ 1970ಕ್ಕೆ ಹೋಗಿ, ವೆಬ್‌ಸೈಟ್‌ಗಳೆಲ್ಲ ಸರ್ಟಿಫಿಕೇಟ್ ತಪ್ಪು ಎಂದರೆ ಬೋರ್ಡ್‌ಗೆ ಬ್ಯಾಟರಿ ಗಡಿಯಾರ ಇಲ್ಲ ಅಥವಾ ಬ್ಯಾಟರಿ ಮುಗಿದಿದೆ. ಪೈ 5ರಲ್ಲಿ ಗಡಿಯಾರದ ಬ್ಯಾಟರಿಗೆ ಕಿಂಡಿ ಇದೆ. ಚಾರ್ಜಿಂಗ್ ಚಾಲೂ ಮಾಡಿಕೊಂಡು ಅಲ್ಲಿಗೆ ಸಾದಾ ನಾಣ್ಯದ ಸೆಲ್ ಹಾಕಬೇಡಿ. ಚಾರ್ಜ್ ಆಗದ ಲಿಥಿಯಂ ಸೆಲ್‌ಗೆ ಕರೆಂಟ್ ತುಂಬಿದರೆ ಒಡೆಯಬಹುದು.

ಇಲ್ಲಿ ಕೈಬಿಡಿ

ಸುಟ್ಟ ವಾಸನೆ ಬಂದರೆ, ಚಿಪ್ ಮೇಲೆ ಗುಳ್ಳೆ ಅಥವಾ ಬಿರುಕು ಕಂಡರೆ, ಬ್ಯಾಟರಿ ಊದಿಕೊಂಡಿದ್ದರೆ. ಕರೆಂಟ್ ತೆಗೆದ ಮೇಲೂ 3.3 ವೋಲ್ಟ್ ಪಿನ್ ಮತ್ತು ಗ್ರೌಂಡ್ ನಡುವೆ ಮೀಟರ್ ಬಹುತೇಕ 0 ಓಮ್ ತೋರಿಸಿದರೆ. ಊದಿದ ಬ್ಯಾಟರಿಯನ್ನು ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ಬೆಂಕಿ ಹತ್ತದ ಜಾಗದಲ್ಲಿ ಒಂಟಿಯಾಗಿಡಿ.

ಇನ್ನೊಂದು ಗೋಡೆ ಸೆಕ್ಯೂರ್ ಬೂಟ್. ತಯಾರಕರು ಚಿಪ್‌ನ ಒಳಗಿನ ಫ್ಯೂಸ್ ಸುಟ್ಟು ಬೀಗ ಹಾಕಿದ್ದರೆ ಅವರ ಸಹಿ ಇಲ್ಲದ ಬೂಟ್‌ಲೋಡರನ್ನು ರೋಮ್ ಒಳಗೇ ಬಿಡುವುದಿಲ್ಲ. ಆ ಫ್ಯೂಸ್ ವಾಪಸ್ ಬರುವುದಿಲ್ಲ. ಅಂಥ ಬೋರ್ಡ್‌ಗೆ ತಯಾರಕರೇ ಗತಿ.

ರಿಪೇರಿಗೆ ಕಳಿಸುವುದಾದರೆ ಬೋರ್ಡ್ ಜೊತೆ ಒಂದು ಚೀಟಿ ಇಡಿ. ಪಿನ್‌ನಲ್ಲಿ ಅಳೆದ ವೋಲ್ಟೇಜ್, ಲೈಟ್ ಎಷ್ಟು ಸಲ ಮಿನುಗಿತು, ಸೀರಿಯಲ್‌ನ ಕೊನೆಯ ಇಪ್ಪತ್ತು ಸಾಲು, ಕೊನೆಗೆ ಬದಲಿಸಿದ್ದು ಏನು. ತಂತಿ ತಪ್ಪಾಗಿ ಸಿಕ್ಕಿಸಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಬೆಸೆಯುವವರು ಮೊದಲು ಯಾವ ಚಿಪ್ ನೋಡಬೇಕು ಎಂದು ಹೇಳುವುದು ಆ ಸಾಲೇ.